ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಸಂಖ್ಯಾಶಾಸ್ತ್ರ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಪದವಿ ಮತ್ತು ಸ್ನಾತಕೋತ್ತರ ತರಗತಿಗಳಲ್ಲಿ ಅರ್ಥಶಾಸ್ತ್ರ ಓದುತ್ತಿರುವವರಿಂದ ಬಂದಿವೆ, ಮತ್ತು ಅವರೆಲ್ಲರ ತಕರಾರು ಒಂದೇ ಪತ್ರಿಕೆಯ ಮೇಲಿದೆ: ಸಂಖ್ಯಾಶಾಸ್ತ್ರ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ, ಬರೆದವರ ಊರನ್ನಷ್ಟೇ ಉಳಿಸಿಕೊಂಡು ಉತ್ತರಿಸಿದ್ದೇನೆ.

ಪ್ರಶ್ನೆ: ಮಾನ್ಯರೆ, ಸರಾಸರಿ, ಮಧ್ಯಾಂಕ, ಬಹುಲಕ, ಮಾನಕ ವಿಚಲನೆಯವರೆಗೆ ಎಲ್ಲವೂ ಸರಾಗವಾಗಿ ಅರ್ಥವಾಯಿತು. ಸಂಭವನೀಯತೆಯನ್ನೂ ಹೇಗೋ ದಾಟಿದೆ. ಆದರೆ ಸ್ಯಾಂಪ್ಲಿಂಗ್ ಡಿಸ್ಟ್ರಿಬ್ಯೂಷನ್ (ಮಾದರಿ ಹಂಚಿಕೆ) ಎಂಬ ಅಧ್ಯಾಯ ಶುರುವಾದ ದಿನದಿಂದ ತರಗತಿಯಲ್ಲಿ ಕುಳಿತಿದ್ದರೂ ಇಲ್ಲದಂತಾಗಿದೆ. ನಮ್ಮ ಕೈಯಲ್ಲಿರುವುದು ಒಂದೇ ಮಾದರಿ, ಅದಕ್ಕೆ ಇರುವುದು ಒಂದೇ ಸರಾಸರಿ. ಆ ಒಂದು ಸಂಖ್ಯೆಗೆ ಹಂಚಿಕೆ ಎಲ್ಲಿಂದ ಬರುತ್ತದೆ?
(ಬಿ.ಎ. ಎರಡನೆಯ ವರ್ಷದ ವಿದ್ಯಾರ್ಥಿನಿ, ಚಿತ್ರದುರ್ಗ)

ಉತ್ತರ: ನೀವು ಎಡವಿರುವ ಜಾಗದಲ್ಲಿಯೇ ಪ್ರತಿ ವರ್ಷ ಅರ್ಧ ತರಗತಿ ಎಡವುತ್ತದೆ, ಮತ್ತು ಅದಕ್ಕೆ ವಿದ್ಯಾರ್ಥಿಗಳಿಗಿಂತ ಪಠ್ಯಪುಸ್ತಕಗಳೇ ಹೆಚ್ಚು ಹೊಣೆ ಎಂಬುದು ನನ್ನ ಅಭಿಪ್ರಾಯ. ಇದುವರೆಗಿನ ಅಧ್ಯಾಯಗಳು ಕೈಯಲ್ಲಿರುವ ಅಂಕಿಗಳನ್ನು ವರ್ಣಿಸಲು ಕಲಿಸಿದವು. ಈ ಅಧ್ಯಾಯವು ಕೈಗೆ ಬರಬಹುದಾಗಿದ್ದು ಬಾರದೆ ಹೋದ ಅಂಕಿಗಳ ಬಗ್ಗೆ ಯೋಚಿಸಲು ಹೇಳುತ್ತದೆ, ಆದರೆ ಹಾಗೆ ಹೇಳುತ್ತಿದ್ದೇನೆಂದು ಎಲ್ಲಿಯೂ ಬಾಯಿಬಿಟ್ಟು ಹೇಳುವುದಿಲ್ಲ. ನೇರವಾಗಿ ಸೂತ್ರಕ್ಕೆ ಜಿಗಿದುಬಿಡುತ್ತದೆ.

ಒಂದು ಹಾಳೆ ತೆಗೆದುಕೊಂಡು ಕುಳಿತುಕೊಳ್ಳಿ. ಐದೇ ಕುಟುಂಬಗಳಿರುವ ಒಂದು ಹಳ್ಳಿಯನ್ನು ಊಹಿಸಿಕೊಳ್ಳಿ. ಅವರ ಹಿಡುವಳಿ ಕ್ರಮವಾಗಿ 1, 2, 3, 4 ಮತ್ತು 10 ಎಕರೆ. ಒಟ್ಟು 20 ಎಕರೆ, ಸರಾಸರಿ 4 ಎಕರೆ. ಐದೂ ಮನೆಗಳಿಗೆ ಹೋಗಲು ಪುರಸೊತ್ತಿಲ್ಲದ ಸಮೀಕ್ಷಕರೊಬ್ಬರು ಚೀಟಿ ಎತ್ತಿ ಎರಡು ಮನೆಗಳನ್ನು ಮಾತ್ರ ಆರಿಸಿಕೊಂಡು, ಆ ಎರಡರ ಸರಾಸರಿಯನ್ನೇ ಹಳ್ಳಿಯ ಸರಾಸರಿಯೆಂದು ಬರೆದುಕೊಳ್ಳುತ್ತಾರೆ. ಅವರ ಕೈಗೆ ಸಿಗುವುದು ಒಂದೇ ಜೋಡಿ ನಿಜ. ಆದರೆ ಸಿಗಬಹುದಾಗಿದ್ದ ಜೋಡಿಗಳು ಒಟ್ಟು 10, ಮತ್ತು ಹತ್ತರಲ್ಲಿ ಪ್ರತಿಯೊಂದಕ್ಕೂ ಸಮಾನ ಅವಕಾಶವಿತ್ತು. ಹತ್ತೂ ಜೋಡಿಗಳ ಸರಾಸರಿಯನ್ನು ಏರಿಕೆಯ ಕ್ರಮದಲ್ಲಿ ಬರೆಯಿರಿ: 1.5, 2, 2.5, 2.5, 3, 3.5, 5.5, 6, 6.5, 7. ನೀವು ಕೇಳಿದ ಹಂಚಿಕೆ ಇದೇ. ಸಮೀಕ್ಷಕರು ಈ ಹತ್ತರಲ್ಲಿ ಒಂದನ್ನು ನೋಡುತ್ತಾರೆ. ಉಳಿದ ಒಂಬತ್ತು ಅವರ ಕಣ್ಣಿಗೆ ಬೀಳುವುದಿಲ್ಲ, ಆದರೆ ಅವರ ಉತ್ತರವನ್ನು ಎಷ್ಟರಮಟ್ಟಿಗೆ ನಂಬಬೇಕೆಂಬುದನ್ನು ನಿರ್ಧರಿಸುವುದು ಆ ಒಂಬತ್ತೂ ಸೇರಿದ ಇಡೀ ಪಟ್ಟಿ.

ಪಟ್ಟಿಯನ್ನು ಇನ್ನೂ ಸ್ವಲ್ಪ ಹೊತ್ತು ನೋಡಿ. ಹತ್ತು ಸಂಖ್ಯೆಗಳನ್ನು ಕೂಡಿಸಿದರೆ 40 ಬರುತ್ತದೆ, ಅಂದರೆ ಸರಾಸರಿಗಳ ಸರಾಸರಿ ಸರಿಯಾಗಿ 4. ಪುಸ್ತಕದಲ್ಲಿ ‘ಪಕ್ಷಪಾತವಿಲ್ಲದ ಅಂದಾಜು’ ಎಂದು ಇರುವುದು ಇದನ್ನೇ. ಆದರೆ ಹತ್ತು ಜೋಡಿಗಳಲ್ಲಿ ಒಂದಕ್ಕೂ 4 ಬಂದಿಲ್ಲ ಎಂಬುದನ್ನು ಗಮನಿಸಿದಿರಾ? ಪಕ್ಷಪಾತವಿಲ್ಲ ಎಂದಮಾತ್ರಕ್ಕೆ ನಿಮಗೆ ಸಿಕ್ಕ ಉತ್ತರ ಸರಿ ಎಂದಾಗುವುದಿಲ್ಲ. ಆರಿಸುವ ವಿಧಾನವು ಒಂದೇ ದಿಕ್ಕಿಗೆ ವಾಲುವುದಿಲ್ಲ ಎಂದಷ್ಟೇ ಆಗುತ್ತದೆ. ಹಾಗಾದರೆ ಉತ್ತರ ಎಷ್ಟು ದೂರ ತಪ್ಪಬಹುದು? ಆ ಹತ್ತು ಸಂಖ್ಯೆಗಳ ಮಾನಕ ವಿಚಲನೆಯನ್ನು ಲೆಕ್ಕ ಹಾಕಿ, ಸುಮಾರು 1.94 ಎಕರೆ ಬರುತ್ತದೆ. ಸ್ಟ್ಯಾಂಡರ್ಡ್ ಎರರ್ ಎಂದು ನಿಮ್ಮನ್ನು ಹೆದರಿಸುತ್ತಿರುವುದು ಈ ಸಂಖ್ಯೆ. ಈಗ ಎರಡರ ಬದಲು ನಾಲ್ಕು ಮನೆಗಳನ್ನು ಆರಿಸಿಕೊಂಡರೆ ಸಾಧ್ಯವಿರುವ ಮಾದರಿಗಳು ಐದು, ಅವುಗಳ ಸರಾಸರಿಗಳು 2.5, 4, 4.25, 4.5, 4.75, ಸ್ಟ್ಯಾಂಡರ್ಡ್ ಎರರ್ ಸುಮಾರು 0.79ಕ್ಕೆ ಇಳಿಯುತ್ತದೆ. ಮಾದರಿ ದೊಡ್ಡದಾದಂತೆ ಅಂದಾಜು ಬಿಗಿಯಾಗುತ್ತದೆ ಎಂಬ ಮಾತನ್ನು ನೀವು ಈಗ ನಂಬಬೇಕಾಗಿಲ್ಲ, ಕಣ್ಣಾರೆ ನೋಡಿದ್ದೀರಿ.

ಅರ್ಥಶಾಸ್ತ್ರದ ವಿದ್ಯಾರ್ಥಿನಿಯಾಗಿ ನೀವು ಇನ್ನೊಂದನ್ನು ಗಮನಿಸಬೇಕು. ನಾಲ್ಕು ಮನೆಗಳ ಮಾದರಿಯಲ್ಲಿಯೂ 10 ಎಕರೆಯ ಕುಟುಂಬವೊಂದು ತಪ್ಪಿಹೋದರೆ ಸರಾಸರಿ 2.5ಕ್ಕೆ ಕುಸಿಯುತ್ತದೆ. ಭೂಮಿ, ಆದಾಯ, ಸಂಪತ್ತು ಇವೆಲ್ಲ ಹೀಗೆ ಕೆಲವೇ ಕೈಗಳಲ್ಲಿ ಗುಂಪುಗೂಡುವ ವಸ್ತುಗಳಾದ್ದರಿಂದ, ಎತ್ತರ ಅಥವಾ ತೂಕವನ್ನು ಅಳೆಯುವ ಶಾಸ್ತ್ರಗಳಿಗಿಂತ ನಮ್ಮ ಶಾಸ್ತ್ರದಲ್ಲಿ ಮಾದರಿಯ ಪ್ರಶ್ನೆ ಹೆಚ್ಚು ಜಟಿಲ. ಸೆಂಟ್ರಲ್ ಲಿಮಿಟ್ ಥಿಯರಮ್ ಬಂದಾಗ ಈ ಹಾಳೆಯನ್ನು ಮತ್ತೆ ಹೊರತೆಗೆಯಿರಿ. ಆ ಪ್ರಮೇಯವು ಹಿಡುವಳಿಗಳ ಹಂಚಿಕೆಯ ಬಗ್ಗೆ ಏನೂ ಹೇಳುವುದಿಲ್ಲ. ಮಾದರಿ ಸಾಕಷ್ಟು ದೊಡ್ಡದಾದಾಗ ಈ ಎರಡನೆಯ ಪಟ್ಟಿ, ಅಂದರೆ ಸರಾಸರಿಗಳ ಪಟ್ಟಿ, ಗಂಟೆಯಾಕಾರಕ್ಕೆ, ಅಂದರೆ ನಾರ್ಮಲ್ ಹಂಚಿಕೆಗೆ, ಹತ್ತಿರವಾಗುತ್ತದೆ ಎನ್ನುತ್ತದೆ. ‘ಮಾದರಿ ದೊಡ್ಡದಾದರೆ ಆದಾಯದ ಹಂಚಿಕೆ ನಾರ್ಮಲ್ ಆಗುತ್ತದೆ’ ಎಂದು ಉತ್ತರಪತ್ರಿಕೆಗಳಲ್ಲಿ ಬರೆಯುವವರು ಈ ಎರಡು ಪಟ್ಟಿಗಳನ್ನು ಒಂದೇ ಎಂದುಕೊಂಡವರು.

ಪ್ರಶ್ನೆ: ಮಾದರಿಯ ವಿಚರಣೆಯನ್ನು, ಅಂದರೆ ವೇರಿಯನ್ಸನ್ನು, ಕಂಡುಹಿಡಿಯುವಾಗ ಮಾದರಿಯ ಗಾತ್ರವಾದ ಎನ್ ಬದಲು ಎನ್-1ರಿಂದ ಭಾಗಿಸಬೇಕು ಎಂದು ಬರೆಸಿದ್ದಾರೆ. ಕಾರಣ ಕೇಳಿದರೆ ‘ಡಿಗ್ರೀಸ್ ಆಫ್ ಫ್ರೀಡಮ್’ ಎಂದಷ್ಟೇ ಉತ್ತರ. ಇಂಥ ಸೂತ್ರಗಳ ಸಾಧನೆಗಳನ್ನು (ಪ್ರೂಫ್) ನಾವು ತಿಳಿದುಕೊಳ್ಳಲೇಬೇಕೆ, ಅಥವಾ ಸೂತ್ರ ಬಾಯಿಪಾಠವಾದರೆ ಸಾಕೆ?
(ಎಂ.ಎ. ವಿದ್ಯಾರ್ಥಿ, ಕಲಬುರಗಿ)

ಉತ್ತರ: ಪರೀಕ್ಷೆ ಪಾಸಾಗಲು ಬಾಯಿಪಾಠ ಸಾಕು. ನೀವು ಕಾರಣ ಕೇಳಿದ್ದೀರಿ, ಆದ್ದರಿಂದ ಮೇಲಿನ ಹಳ್ಳಿಗೇ ಹೋಗೋಣ.

ಐದು ಹಿಡುವಳಿಗಳು ಸರಾಸರಿ 4ರಿಂದ ಎಷ್ಟು ದೂರವಿವೆ ಎಂದು ನೋಡಿ ವರ್ಗ ಮಾಡಿದರೆ 9, 4, 1, 0 ಮತ್ತು 36. ಮೊತ್ತ 50, ಐದರಿಂದ ಭಾಗಿಸಿದರೆ ಇಡೀ ಹಳ್ಳಿಯ ವಿಚರಣೆ 10. ಇದನ್ನು ಎರಡು ಮನೆಗಳ ಮಾದರಿಯಿಂದ ಅಂದಾಜು ಮಾಡಬೇಕಾಗಿದೆ. ಈ ಬಾರಿ ಮೊದಲ ಚೀಟಿಯನ್ನು ಓದಿ ಮತ್ತೆ ಡಬ್ಬಿಗೆ ಹಾಕಿ ಎರಡನೆಯದನ್ನು ಎತ್ತೋಣ. ಆಗ ಒಂದೇ ಮನೆ ಎರಡು ಸಲ ಬರುವುದೂ ಸೇರಿ ಒಟ್ಟು 25 ಜೋಡಿಗಳಾಗುತ್ತವೆ. ಪ್ರತಿ ಜೋಡಿಯ ವಿಚರಣೆಯನ್ನು 2ರಿಂದ ಭಾಗಿಸಿ ಲೆಕ್ಕ ಹಾಕಿ, ಇಪ್ಪತ್ತೈದರ ಸರಾಸರಿ ತೆಗೆದರೆ ಬರುವುದು 5, ನಿಜವಾದ ಬೆಲೆಯ ಸರಿಯಾಗಿ ಅರ್ಧ. ಅದನ್ನೇ 2-1, ಅಂದರೆ 1ರಿಂದ ಭಾಗಿಸಿದರೆ ಸರಾಸರಿ 10 ಬರುತ್ತದೆ. ಒಮ್ಮೆ ನಿಮ್ಮ ಕೈಯಿಂದಲೇ ಮಾಡಿ ನೋಡಿ, ಅರ್ಧ ಗಂಟೆಯ ಕೆಲಸ.

ಹೀಗಾಗುವುದಕ್ಕೆ ಕಾರಣವೂ ಆ ಲೆಕ್ಕದಲ್ಲಿಯೇ ಇದೆ. ನಮಗೆ ಹಳ್ಳಿಯ ನಿಜವಾದ ಸರಾಸರಿ 4 ಎಂಬುದು ಗೊತ್ತಿಲ್ಲದ್ದರಿಂದ ದೂರವನ್ನು ಆ ಜೋಡಿಯದೇ ಸರಾಸರಿಯಿಂದ ಅಳೆಯುತ್ತೇವೆ. 1 ಮತ್ತು 2 ಎಕರೆಯ ಜೋಡಿ ಬಂದರೆ 1.5ರಿಂದ ಅಳೆದು ಎರಡೂ ಹತ್ತಿರದಲ್ಲಿವೆ ಎಂದುಕೊಳ್ಳುತ್ತೇವೆ, ನಿಜವಾಗಿ ಎರಡೂ 4ರಿಂದ ಸಾಕಷ್ಟು ದೂರದಲ್ಲಿದ್ದರೂ. ಯಾವುದೇ ಮಾದರಿಗೆ ಅತಿ ಹತ್ತಿರದ ಬಿಂದು ಅದರದೇ ಸರಾಸರಿಯಾದ್ದರಿಂದ ನಮ್ಮ ಅಳತೆ ಯಾವಾಗಲೂ ಕಡಿಮೆಯ ಕಡೆಗೇ ವಾಲುತ್ತದೆ, ಮತ್ತು ಎನ್-1 ಆ ಕೊರತೆಯನ್ನು ಸರಿಯಾಗಿ ತುಂಬುತ್ತದೆ. ಮಾದರಿಯ ಗಾತ್ರ ಐನೂರು ಆದಾಗ 499ರಿಂದ ಭಾಗಿಸಿದರೂ 500ರಿಂದ ಭಾಗಿಸಿದರೂ ಹೇಳಿಕೊಳ್ಳುವಂಥ ವ್ಯತ್ಯಾಸ ಬೀಳುವುದಿಲ್ಲ ಎಂಬುದನ್ನೂ ಸೇರಿಸಿಬಿಡುತ್ತೇನೆ.

ತರಗತಿಯಲ್ಲಿ ಕಾರಣ ಕೇಳುವ ಅಭ್ಯಾಸವನ್ನು ಮಾತ್ರ ಬಿಡಬೇಡಿ. ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಅವರು 1920ರಲ್ಲಿ ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ, ಆಗ ಅದು ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. 1940ರ ದಶಕದಲ್ಲಿ ಕಲ್ಕತ್ತದಲ್ಲಿ ಪಾಠ ಮಾಡುತ್ತಿದ್ದಾಗ ಅವರು ದೊಡ್ಡ ಮಾದರಿಗಳಿಗೆ ಅನ್ವಯಿಸುವ ಬ್ರಿಟಿಷ್ ಸಂಖ್ಯಾಶಾಸ್ತ್ರಜ್ಞ ಫಿಶರ್ ಅವರ ಒಂದು ಫಲಿತಾಂಶವನ್ನು ವಿವರಿಸಿದರಂತೆ. ಸಣ್ಣ ಮಾದರಿಗಳಿಗೂ ಇಂಥದ್ದೊಂದನ್ನು ಸಾಧಿಸಲು ಬರುವುದಿಲ್ಲವೇ ಎಂದು ವಿದ್ಯಾರ್ಥಿಯೊಬ್ಬರು ಕೇಳಿದರಂತೆ. ಆ ಪ್ರಶ್ನೆಯನ್ನು ಹಿಡಿದು ಹೊರಟ ರಾವ್ ಅವರು 1945ರ ಲೇಖನದಲ್ಲಿ ಪ್ರಕಟಿಸಿದ್ದೇ ಇಂದು ಕ್ರಾಮರ್-ರಾವ್ ಅಸಮತೆ ಎಂದು ನಿಮ್ಮ ಪಠ್ಯದಲ್ಲಿರುವ ಫಲಿತಾಂಶ: ಪಕ್ಷಪಾತವಿಲ್ಲದ ಯಾವ ಅಂದಾಜಿನ ವಿಚರಣೆಯೂ ಒಂದು ಮಿತಿಗಿಂತ ಕೆಳಗೆ ಇಳಿಯಲಾರದು ಎಂದು ಅದು ಹೇಳುತ್ತದೆ. ಪ್ರಶ್ನೆ ಕೇಳಿದ ಆ ವಿದ್ಯಾರ್ಥಿ ವಿ.ಎಂ. ದಾಂಡೇಕರ್, ಮುಂದೆ ನೀಲಕಂಠ ರಥ್ ಅವರೊಡನೆ 1971ರಲ್ಲಿ ಭಾರತದ ಬಡತನದ ಬಗ್ಗೆ ಹೆಸರಾಂತ ಅಧ್ಯಯನವನ್ನು ಹೊರತಂದ ಅರ್ಥಶಾಸ್ತ್ರಜ್ಞ.

ಪ್ರಶ್ನೆ: ನನ್ನ ಮಗಳು ಪಿಯುಸಿಯಲ್ಲಿ ಎಚ್‌ಇಪಿಎಸ್ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ) ತೆಗೆದುಕೊಂಡಿದ್ದಾಳೆ. ಎಸ್‌ಎಸ್‌ಎಲ್‌ಸಿಯ ನಂತರ ಗಣಿತ ಮುಟ್ಟಿಲ್ಲ. ಈಗ ಬಿ.ಎ.ಯಲ್ಲಿ ಅರ್ಥಶಾಸ್ತ್ರ ಓದಬೇಕೆಂದು ಹಟ ಹಿಡಿದಿದ್ದಾಳೆ. ಸಂಖ್ಯಾಶಾಸ್ತ್ರದ ಪತ್ರಿಕೆ ಅವಳಿಗೆ ಕಷ್ಟವಾಗುವುದಿಲ್ಲವೇ?
(ಪೋಷಕರು, ಶಿವಮೊಗ್ಗ)

ಉತ್ತರ: ಮೊದಲ ಕೆಲವು ವಾರ ಕಷ್ಟವಾಗುತ್ತದೆ, ಆದರೆ ಅದು ಅವಳನ್ನು ತಡೆಯಬೇಕಾದಷ್ಟು ದೊಡ್ಡ ಕಷ್ಟವಲ್ಲ. ಪದವಿ ಹಂತದ ಸಂಖ್ಯಾಶಾಸ್ತ್ರಕ್ಕೆ ಬೇಕಾಗುವ ಗಣಿತದಲ್ಲಿ ಹೆಚ್ಚಿನದು ಹತ್ತನೆಯ ತರಗತಿಯದೇ. ಸರಳರೇಖೆಯ ಸಮೀಕರಣ, ವರ್ಗ ಮತ್ತು ವರ್ಗಮೂಲ, ಭಿನ್ನರಾಶಿ ಮತ್ತು ಶೇಕಡಾವಾರು. ಹೊಸದಾಗಿ ಕಲಿಯಬೇಕಾದದ್ದು ಸರಳರೇಖೆಯ ಸಮೀಕರಣದಲ್ಲಿ ಇಳಿಜಾರು ಯಾವುದು, ಛೇದ (ಇಂಟರ್‌ಸೆಪ್ಟ್) ಯಾವುದು ಎಂದು ಗುರುತಿಸುವುದು, ಸಂಯೋಜನೆಗಳ ಎಣಿಕೆ, ಸಂಕಲನದ ಸಿಗ್ಮಾ ಚಿಹ್ನೆ ಮತ್ತು ಲಾಗರಿದಮ್. ನನ್ನ ಅನುಭವದಲ್ಲಿ ಮಕ್ಕಳನ್ನು ಹೆಚ್ಚು ಗೊಂದಲಕ್ಕೆ ದೂಡುವುದು ಆ ಸಿಗ್ಮಾ. ವರ್ಗಗಳ ಮೊತ್ತಕ್ಕೂ ಮೊತ್ತದ ವರ್ಗಕ್ಕೂ ಇರುವ ವ್ಯತ್ಯಾಸವನ್ನು 1, 2, 3 ಎಂಬ ಮೂರು ಸಂಖ್ಯೆಗಳಿಟ್ಟುಕೊಂಡು, ಒಂದು ಕಡೆ 14, ಇನ್ನೊಂದು ಕಡೆ 36 ಬರುವುದನ್ನು ಅವಳೇ ಬರೆದು ನೋಡಲಿ. ಮುಂದಿನ ಅರ್ಧ ಸೂತ್ರಗಳು ಅಲ್ಲಿಂದಲೇ ಬಿಡಿಸಿಕೊಳ್ಳುತ್ತವೆ.

ಒಂದು ಎಚ್ಚರಿಕೆ ಅಗತ್ಯ. ಎಲ್ಲ ಕಡೆಯ ಪ್ರವೇಶದ ನಿಯಮ ಒಂದೇ ಅಲ್ಲ. ದೆಹಲಿ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ಆನರ್ಸ್‌ಗೆ ಹನ್ನೆರಡನೆಯ ತರಗತಿಯಲ್ಲಿ ಗಣಿತ ಓದಿರಬೇಕು. ಅಂಥ ಕಡೆಗೆ ಹೋಗುವ ಆಸೆಯಿದ್ದರೆ ಈಗಲೇ ಯೋಚಿಸಬೇಕಾಗುತ್ತದೆ. ಮುಂದೆ ಅವಳು ಎಂ.ಎ. ಮುಗಿಸಿ ಅಧ್ಯಾಪಕಿಯಾಗಬೇಕೆಂದರೂ ಈ ವಿಷಯ ಬೆನ್ನು ಬಿಡುವುದಿಲ್ಲ: ಯುಜಿಸಿ ನೆಟ್ ಪರೀಕ್ಷೆಯ ಅರ್ಥಶಾಸ್ತ್ರದ ಪಠ್ಯಕ್ರಮದಲ್ಲಿ ಸಂಖ್ಯಾಶಾಸ್ತ್ರ ಮತ್ತು ಇಕನಾಮೆಟ್ರಿಕ್ಸ್‌ಗೆ ಒಂದು ಇಡೀ ಘಟಕವನ್ನೇ ಮೀಸಲಿಟ್ಟಿದ್ದಾರೆ, ಇಂಡಿಯನ್ ಇಕನಾಮಿಕ್ ಸರ್ವಿಸ್ ಪರೀಕ್ಷೆಯೂ ಇದನ್ನು ಕೇಳುತ್ತದೆ. ಹಾಗೆಂದು ಹೆದರಿಸಿ ಕೂರಿಸಬೇಡಿ. ರಜೆಯಲ್ಲಿ ಹತ್ತನೆಯ ತರಗತಿಯ ಗಣಿತ ಪುಸ್ತಕವನ್ನು ಮತ್ತೊಮ್ಮೆ ಬಿಡಿಸಲು ಹೇಳಿ.

ಪ್ರಶ್ನೆ: ತರಕಾರಿ ಬೆಲೆ ದುಪ್ಪಟ್ಟಾದರೂ ಹಣದುಬ್ಬರ ಐದಾರು ಶೇಕಡಾ ಎನ್ನುತ್ತಾರೆ. ಸೂಚ್ಯಂಕಗಳ ಪಾಠ ಓದಿದ ಮೇಲೂ ಇದು ನನಗೆ ಒಗ್ಗುತ್ತಿಲ್ಲ.
(ಬಿ.ಕಾಂ. ವಿದ್ಯಾರ್ಥಿ, ಗದಗ)

ಉತ್ತರ: 2012ನ್ನು ಆಧಾರ ವರ್ಷವಾಗಿಟ್ಟುಕೊಂಡ ಅಖಿಲ ಭಾರತ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ತರಕಾರಿಗಳ ತೂಕ ನೂರಕ್ಕೆ 6.04 ಇತ್ತು. ಆಧಾರ ವರ್ಷದ ಬೆಲೆಗಳಿಂದ ಹೊರಟು, ಬೇರೆ ಯಾವುದೂ ಬದಲಾಗದೆ ತರಕಾರಿ ಮಾತ್ರ ದುಪ್ಪಟ್ಟಾದರೆ ಸೂಚ್ಯಂಕ 100ರಿಂದ 106.04ಕ್ಕೆ ಏರುತ್ತದೆ, ಅಷ್ಟೇ. ಆ 6.04 ಎಂಬುದು ಇಡೀ ದೇಶದ ಕುಟುಂಬಗಳ ಸರಾಸರಿ ಖರ್ಚಿನಿಂದ ಬಂದದ್ದು. ನಿಮ್ಮ ಮನೆಯ ಖರ್ಚಿನಲ್ಲಿ ತರಕಾರಿಯ ಪಾಲು ನೂರಕ್ಕೆ 12 ಇದ್ದರೆ ನಿಮ್ಮ ಮನೆಯ ಸೂಚ್ಯಂಕ 112 ಆಗುತ್ತದೆ, ಮತ್ತು ಎರಡು ಲೆಕ್ಕಗಳೂ ಸರಿಯೇ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. 2023-24ರ ಸಮೀಕ್ಷೆಯ ಪ್ರಕಾರ ದೇಶದ ಗ್ರಾಮಗಳಲ್ಲಿ ತಲಾ ಮಾಸಿಕ ಬಳಕೆಯ ವೆಚ್ಚ 4,122 ರೂಪಾಯಿ, ನಗರಗಳಲ್ಲಿ 6,996 ರೂಪಾಯಿ ಎಂದು ಓದಿದೆ. ನಮ್ಮ ಬೀದಿಗೆ ಯಾರೂ ಬಂದು ಕೇಳಿಲ್ಲ. 140 ಕೋಟಿ ಜನರ ದೇಶದಲ್ಲಿ ಎರಡೂವರೆ ಲಕ್ಷ ಮನೆಗಳನ್ನು ಕೇಳಿದರೆ ಏನು ತಿಳಿದೀತು? ನನ್ನ ಮೊಮ್ಮಗ ಅರ್ಥಶಾಸ್ತ್ರ ಓದುತ್ತಿದ್ದಾನೆ, ಅವನೂ ಸರಿಯಾಗಿ ಉತ್ತರಿಸಲಿಲ್ಲ.
(ಹಿರಿಯ ಓದುಗರು, ಹಾವೇರಿ)

ಉತ್ತರ: ನೀವು ಹೇಳಿದ ಸಮೀಕ್ಷೆಯಲ್ಲಿ ಸುಮಾರು 2.62 ಲಕ್ಷ ಕುಟುಂಬಗಳಿದ್ದವು. ಅಂದಾಜಿನ ನಿಖರತೆಯು ಮಾದರಿಯು ದೇಶದ ಶೇಕಡಾ ಎಷ್ಟು ಎಂಬುದನ್ನು ಹೆಚ್ಚುಕಡಿಮೆ ಅವಲಂಬಿಸಿಲ್ಲ, ಮಾದರಿಯ ಗಾತ್ರವನ್ನೇ ಅವಲಂಬಿಸಿದೆ ಎಂಬುದು ಈ ಶಾಸ್ತ್ರದಲ್ಲಿ ಎಲ್ಲರಿಗೂ ಮೊದಲು ವಿಚಿತ್ರವೆನಿಸುವ ಸಂಗತಿ. ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ಹಿಚುಕಿದರೆ ಸಾಕು ಎಂಬ ಮಾತನ್ನು ಮಾದರಿಯ ಪಾಠಗಳಲ್ಲಿ ತಪ್ಪದೆ ಹೇಳುತ್ತಾರೆ. ಪಾತ್ರೆ ಮನೆಯದೋ ಮದುವೆಮನೆಯದೋ ಎಂಬುದು ಅಲ್ಲಿ ಮುಖ್ಯವಾಗುವುದಿಲ್ಲ. ಆದರೆ ಆ ಮಾತು ಅಗುಳುಗಳೆಲ್ಲ ಒಂದೇ ಬಗೆಯವು ಎಂದು ಹಿಡಿದಿರುತ್ತದೆ, ಕುಟುಂಬಗಳು ಹಾಗಿರುವುದಿಲ್ಲ. ಆದ್ದರಿಂದಲೇ ಸಮೀಕ್ಷೆ ಮಾಡುವವರು ಕುಟುಂಬಗಳನ್ನು ಮೊದಲು ಸ್ತರಗಳಾಗಿ ವಿಂಗಡಿಸಿ ಪ್ರತಿ ಸ್ತರದಿಂದಲೂ ಮಾದರಿ ತೆಗೆಯುತ್ತಾರೆ. ಇತ್ತೀಚಿನ ಬಳಕೆ ವೆಚ್ಚದ ಸಮೀಕ್ಷೆಗಳಲ್ಲಿ ಗ್ರಾಮಗಳ ಕುಟುಂಬಗಳನ್ನು ಹಿಡುವಳಿಯ ವಿಸ್ತೀರ್ಣದ ಮೇಲೂ ನಗರಗಳ ಕುಟುಂಬಗಳನ್ನು ಸ್ವಂತ ಕಾರು ಇದೆಯೇ, ಅದರ ಬೆಲೆ ಎಷ್ಟು ಎಂಬುದರ ಮೇಲೂ ವಿಂಗಡಿಸಿರುವುದು ಅನುಕೂಲಸ್ಥರು ಲೆಕ್ಕದಿಂದ ಜಾರಿಹೋಗದಿರಲಿ ಎಂಬ ಕಾರಣಕ್ಕೆ.

ಗಾತ್ರಕ್ಕಿಂತ ಆಯ್ಕೆಯ ರೀತಿ ಮುಖ್ಯ ಎಂಬುದಕ್ಕೆ ಅಮೆರಿಕದ 1936ರ ಅಧ್ಯಕ್ಷೀಯ ಚುನಾವಣೆಯನ್ನು ಎಲ್ಲ ಕಡೆ ಉದಾಹರಿಸುತ್ತಾರೆ. ಲಿಟರರಿ ಡೈಜೆಸ್ಟ್ ಎಂಬ ವಾರಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಪತ್ರ ಕಳುಹಿಸಿ, ಇಪ್ಪತ್ತು ಲಕ್ಷಕ್ಕೂ ಹೆಚ್ಚು ಉತ್ತರಗಳನ್ನು ಪಡೆದು, ಲ್ಯಾಂಡನ್ ಗೆಲ್ಲುತ್ತಾರೆ ಎಂದು ಸಾರಿತು. ಗೆದ್ದದ್ದು ರೂಸ್‌ವೆಲ್ಟ್, ಅದೂ ಭಾರಿ ಅಂತರದಿಂದ. ವಿಳಾಸಗಳನ್ನು ದೂರವಾಣಿ ಮತ್ತು ಕಾರು ಹೊಂದಿದವರ ಪಟ್ಟಿಗಳಿಂದಲೂ ಎತ್ತಿಕೊಂಡಿದ್ದು ಒಂದು ದೋಷ, ಉತ್ತರ ಬರೆಯುವ ಉತ್ಸಾಹವಿದ್ದವರಷ್ಟೇ ಬರೆದದ್ದು ಇನ್ನೊಂದು. ನಮ್ಮಲ್ಲಿ ಪ್ರಶಾಂತಚಂದ್ರ ಮಹಾಲನೋಬಿಸ್ ಅವರು 1931ರಲ್ಲಿ ಕಲ್ಕತ್ತದಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯನ್ನು ಕಟ್ಟಿ, ಬಂಗಾಳದ ಸೆಣಬಿನ ಬೆಳೆಯ ವಿಸ್ತೀರ್ಣವನ್ನು ಮಾದರಿ ಸಮೀಕ್ಷೆಯಿಂದ ಅಂದಾಜು ಮಾಡುವ ಕೆಲಸದಲ್ಲಿ ಈ ಪಾಠಗಳನ್ನು ಹೊಲಗದ್ದೆಗಳಲ್ಲಿಯೇ ಕಲಿತರು. 1950ರಲ್ಲಿ ಆರಂಭವಾದ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಬೇರು ಅಲ್ಲಿದೆ.

ನೀವು ಉಲ್ಲೇಖಿಸಿದ ಅಂಕಿಗಳ ಬಗ್ಗೆ ಒಂದು ಮಾತು. ಅವು ಕುಟುಂಬದ ಲೆಕ್ಕವಲ್ಲ, ತಲಾ ಲೆಕ್ಕ. ಗ್ರಾಮದ ಐದು ಜನರ ಕುಟುಂಬಕ್ಕೆ ಅನ್ವಯಿಸಿದರೆ ತಿಂಗಳಿಗೆ 20,610 ರೂಪಾಯಿ ಆಗುತ್ತದೆ. ಹೆಚ್ಚು ಖರ್ಚು ಮಾಡುವ ಕೆಲವರು ಸರಾಸರಿಯನ್ನು ಮೇಲಕ್ಕೆ ಎಳೆಯುವುದರಿಂದ ಅರ್ಧಕ್ಕಿಂತ ಹೆಚ್ಚು ಜನರ ಖರ್ಚು ಸರಾಸರಿಗಿಂತ ಕೆಳಗೇ ಇರುವುದು ಸಹಜ. ಮೊಮ್ಮಗನನ್ನು ಮಧ್ಯಾಂಕದ ಬಗ್ಗೆ ಕೇಳಿ ನೋಡಿ, ಅದಕ್ಕೆ ಅವನು ಖಂಡಿತ ಉತ್ತರಿಸುತ್ತಾನೆ.

ಪ್ರಶ್ನೆ: ಸ್ವಸಹಾಯ ಗುಂಪುಗಳ ಸಾಲದ ಬಗ್ಗೆ ಎಂ.ಎ. ಕಿರುಪ್ರಬಂಧ ಬರೆಯುತ್ತಿದ್ದೇನೆ. 180 ಮನೆಗಳ ಮಾಹಿತಿ ಇದೆ. ಸಾಲ ಪಡೆದ ಮನೆಗಳ ಮಾಸಿಕ ಆದಾಯ 840 ರೂಪಾಯಿ ಹೆಚ್ಚಿದೆ ಎಂದು ರಿಗ್ರೆಷನ್‌ನಲ್ಲಿ (ಒಂದು ಚರ ಇನ್ನೊಂದರೊಡನೆ ಎಷ್ಟು ಬದಲಾಗುತ್ತದೆ ಎಂದು ಅಂದಾಜು ಮಾಡುವ ವಿಧಾನದಲ್ಲಿ) ಬಂತು. ಸ್ಟ್ಯಾಂಡರ್ಡ್ ಎರರ್ 450, ಪಿ ಮೌಲ್ಯ 0.06. ‘ಪಿ ಮೌಲ್ಯ ಶೇಕಡಾ ಐದರ ಕೆಳಗೆ ಬಂದಿಲ್ಲ, ಪರಿಣಾಮವಿಲ್ಲ ಎಂದು ಬರೆ, ಇಲ್ಲವೇ ಒಂದೆರಡು ಚರಗಳನ್ನು ಸೇರಿಸಿ ತೆಗೆದು ನೋಡು’ ಎಂದು ಮಾರ್ಗದರ್ಶಕರು ಹೇಳಿದ್ದಾರೆ. ಏನು ಮಾಡಲಿ?
(ಸ್ನಾತಕೋತ್ತರ ವಿದ್ಯಾರ್ಥಿನಿ, ಧಾರವಾಡ)

ಉತ್ತರ: ಎರಡನ್ನೂ ಮಾಡಬೇಡಿ. ಎರಡನೆಯ ಸಲಹೆಯಂತೂ, ಕೊಟ್ಟವರ ಬಗ್ಗೆ ಗೌರವವಿಟ್ಟುಕೊಂಡೇ ಹೇಳುತ್ತೇನೆ, ತಪ್ಪು ಸಲಹೆ. ಚರಗಳನ್ನು ಸೇರಿಸುತ್ತ ತೆಗೆಯುತ್ತ ಹೋದರೆ ಯಾವುದಾದರೂ ಒಂದು ಸುತ್ತಿನಲ್ಲಿ 0.05ರ ಕೆಳಗೆ ಬರುವುದು ನಿರೀಕ್ಷಿತವೇ. ಆದರೆ ಆ ಸಂಖ್ಯೆಗೆ ಆಗ ಪುಸ್ತಕದಲ್ಲಿ ಹೇಳಿದ ಅರ್ಥ ಉಳಿದಿರುವುದಿಲ್ಲ, ಏಕೆಂದರೆ ಆ ಅರ್ಥವು ಪರೀಕ್ಷೆಯನ್ನು ಮೊದಲೇ ನಿರ್ಧರಿಸಿ ಒಂದೇ ಸಲ ಮಾಡಿದಾಗ ಮಾತ್ರ ಸಲ್ಲುತ್ತದೆ.

ಪಿ ಮೌಲ್ಯ 0.06 ಎಂದರೆ ಸಾಲದಿಂದ ಪರಿಣಾಮವಿಲ್ಲದಿರುವ ಸಂಭವ ನೂರಕ್ಕೆ ಆರು ಎಂದು ಬಹಳ ಜನ ಬರೆಯುತ್ತಾರೆ. ಅದು ಹಾಗಲ್ಲ. ಸಾಲದಿಂದ ಪರಿಣಾಮವೇ ಇಲ್ಲ ಎಂದು ವಾದಕ್ಕೆ ಒಪ್ಪಿಕೊಂಡರೂ, ಮನೆಗಳ ಆಯ್ಕೆಯ ಅದೃಷ್ಟದಿಂದಷ್ಟೇ ಈ 840ರಷ್ಟು ಅಥವಾ ಅದಕ್ಕಿಂತ ಹೆಚ್ಚಿನ ವ್ಯತ್ಯಾಸ, ಯಾವ ದಿಕ್ಕಿನಲ್ಲಾದರೂ, ಕಾಣಿಸಿಕೊಳ್ಳುವ ಸಂಭವ ನೂರಕ್ಕೆ ಆರು ಎಂದು ಅದರ ಅರ್ಥ. ಮೊದಲ ಉತ್ತರದಲ್ಲಿ ಹೇಳಿದ, ಕಣ್ಣಿಗೆ ಬೀಳದ ಮಾದರಿಗಳ ಪಟ್ಟಿ ಇಲ್ಲಿಯೂ ಹಿನ್ನೆಲೆಯಲ್ಲಿದೆ. ಇನ್ನು 0.05 ಎಂಬ ಗೆರೆ ಪ್ರಕೃತಿಯ ನಿಯಮವೇನಲ್ಲ. ಫಿಶರ್ ಅವರು 1925ರ ತಮ್ಮ ಕೈಪಿಡಿಯಲ್ಲಿ ಇಪ್ಪತ್ತಕ್ಕೊಂದು ಎಂಬ ಪ್ರಮಾಣವನ್ನು ಅನುಕೂಲಕರ ಮಿತಿಯೆಂದು ಸೂಚಿಸಿದರು, ನಂತರದವರು ಅದನ್ನು ಶಾಸನ ಮಾಡಿಕೊಂಡರು. ಅಮೆರಿಕದ ಸಂಖ್ಯಾಶಾಸ್ತ್ರಜ್ಞರ ಸಂಘವೇ 2016ರಲ್ಲಿ ಒಂದು ಹೇಳಿಕೆ ಹೊರಡಿಸಿ, ಪಿ ಮೌಲ್ಯವು ಯಾವುದೋ ಗೆರೆಯನ್ನು ದಾಟಿತೇ ಎಂಬುದರ ಮೇಲಷ್ಟೇ ತೀರ್ಮಾನಕ್ಕೆ ಬರಬಾರದು ಎಂದು ಎಚ್ಚರಿಸಿತು.

ನಿಮ್ಮ ಪ್ರಬಂಧದಲ್ಲಿ ವಿಶ್ವಾಸಾಂತರವನ್ನು (ಕಾನ್ಫಿಡೆನ್ಸ್ ಇಂಟರ್ವಲ್) ಬರೆಯಿರಿ. 840ಕ್ಕೆ 450ರ 1.96 ಪಟ್ಟನ್ನು ಕೂಡಿಸಿ ಕಳೆದರೆ, ತಿಂಗಳಿಗೆ 42 ರೂಪಾಯಿ ನಷ್ಟದಿಂದ 1,722 ರೂಪಾಯಿ ಲಾಭದವರೆಗಿನ ಯಾವುದೇ ಪರಿಣಾಮದೊಡನೆ ನಿಮ್ಮ ಮಾಹಿತಿ ಹೊಂದಿಕೊಳ್ಳುತ್ತದೆ ಎಂದಾಗುತ್ತದೆ. ಇದರಲ್ಲಿ ಬಹುಭಾಗ ಲಾಭದ ಕಡೆಗಿದೆ, ಆದರೆ 180 ಮನೆಗಳಿಂದ ಇದಕ್ಕಿಂತ ಖಚಿತವಾಗಿ ಹೇಳಲು ಬರುವುದಿಲ್ಲ ಎಂದು ಸ್ಪಷ್ಟವಾಗಿ ಬರೆದರೆ ಯಾವ ಮೌಖಿಕ ಪರೀಕ್ಷೆಯಲ್ಲಿಯೂ ನೀವು ತಲೆ ತಗ್ಗಿಸಬೇಕಾಗಿಲ್ಲ. ಇದಕ್ಕೆ ವಿರುದ್ಧವಾದ ಪ್ರಕರಣವನ್ನೂ ಊಹಿಸಿಕೊಳ್ಳಿ: ಲಕ್ಷಗಟ್ಟಲೆ ಮನೆಗಳ ಮಾಹಿತಿಯಲ್ಲಿ 12 ರೂಪಾಯಿಯ ಹೆಚ್ಚಳ, 4 ರೂಪಾಯಿಯ ಸ್ಟ್ಯಾಂಡರ್ಡ್ ಎರರ್ ಬಂದಿದ್ದರೆ ಫಲಿತಾಂಶಗಳ ಪಟ್ಟಿಯಲ್ಲಿ, ಪಿ ಮೌಲ್ಯ ಬಹಳ ಸಣ್ಣದೆಂದು ಸೂಚಿಸುವ ಮೂರು ನಕ್ಷತ್ರ ಬೀಳುತ್ತಿದ್ದವು, ಆದರೆ ತಿಂಗಳಿಗೆ 12 ರೂಪಾಯಿಯಿಂದ ಯಾವ ಮನೆಯ ಬದುಕೂ ಬದಲಾಗುತ್ತಿರಲಿಲ್ಲ. ನಕ್ಷತ್ರ ಎಣಿಸುವುದು ಸುಲಭ; 840 ರೂಪಾಯಿ ಆ ಮನೆಗೆ ಎಷ್ಟರದು ಎಂದು ತೂಗಬೇಕಾದವರು ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನೀವೇ.

ಇಷ್ಟಾದ ಮೇಲೂ ದೊಡ್ಡ ಪ್ರಶ್ನೆಯೊಂದು ಉಳಿಯುತ್ತದೆ, ಮಾರ್ಗದರ್ಶಕರು ಅದನ್ನು ಕೇಳಬೇಕಿತ್ತು. ಸಾಲ ಪಡೆದ ಮನೆಗಳು ಸಾಲಕ್ಕೆ ಮೊದಲೇ ಹೆಚ್ಚು ಚಟುವಟಿಕೆಯ, ಹೆಚ್ಚು ಆದಾಯದ ಮನೆಗಳಾಗಿದ್ದವೇ? ಹಾಗಿದ್ದರೆ ಮಾದರಿಯನ್ನು 18,000ಕ್ಕೆ ಏರಿಸಿದರೂ ಆ ತಪ್ಪು ಕರಗುವುದಿಲ್ಲ. ಸಾಲಕ್ಕೆ ಹಿಂದಿನ ವರ್ಷದ ಆದಾಯ ನಿಮ್ಮ ಪ್ರಶ್ನಾವಳಿಯಲ್ಲಿದ್ದರೆ ಮೊದಲು ಅದನ್ನು ಎರಡೂ ಗುಂಪುಗಳಲ್ಲಿ ಹೋಲಿಸಿ.

ಪ್ರಶ್ನೆ: 2000ದಿಂದ 2020ರವರೆಗಿನ ವಾರ್ಷಿಕ ಅಂಕಿಗಳಲ್ಲಿ ರಾಜ್ಯದ ಬ್ಯಾಂಕ್ ಠೇವಣಿಗೂ ನೋಂದಾಯಿತ ದ್ವಿಚಕ್ರ ವಾಹನಗಳಿಗೂ ಸಹಸಂಬಂಧ (ಕೋರಿಲೇಷನ್) 0.98 ಬಂತು. ಸೆಮಿನಾರಿನಲ್ಲಿ ಇದನ್ನು ಮಂಡಿಸಬಹುದೇ?
(ಬಿ.ಎ. ಅಂತಿಮ ವರ್ಷದ ವಿದ್ಯಾರ್ಥಿ, ಮೈಸೂರು)

ಉತ್ತರ: ಎಚ್ಚರಿಕೆಯ ಉದಾಹರಣೆಯಾಗಿ ಖಂಡಿತ ಮಂಡಿಸಬಹುದು. ಕಾಲದೊಡನೆ ಏರುತ್ತ ಹೋಗುವ ಯಾವ ಎರಡು ಸರಣಿಗಳನ್ನು ಪಕ್ಕಪಕ್ಕ ಇಟ್ಟರೂ ಸಹಸಂಬಂಧ ಹೆಚ್ಚೇ ಬರುತ್ತದೆ. ಎರಡನ್ನೂ ಏರಿಸುತ್ತಿರುವುದು ಜನಸಂಖ್ಯೆ, ಬೆಲೆ ಮತ್ತು ಆದಾಯ. ಯೂಲ್ ಎಂಬ ಬ್ರಿಟಿಷ್ ಸಂಖ್ಯಾಶಾಸ್ತ್ರಜ್ಞರು 1926ರಲ್ಲಿಯೇ ಇದನ್ನು ತೋರಿಸಿಕೊಟ್ಟರು: 1866ರಿಂದ 1911ರವರೆಗೆ ಇಂಗ್ಲೆಂಡಿನ ಮದುವೆಗಳಲ್ಲಿ ಆಂಗ್ಲಿಕನ್ ಚರ್ಚಿನಲ್ಲಿ ನಡೆದವುಗಳ ಪಾಲಿಗೂ ದೇಶದ ಮರಣ ಪ್ರಮಾಣಕ್ಕೂ ಸುಮಾರು 0.95ರ ಸಹಸಂಬಂಧವಿತ್ತು. ಚರ್ಚಿನಲ್ಲಿ ಮದುವೆಯಾಗುವುದನ್ನು ಬಿಟ್ಟರೆ ಆಯುಸ್ಸು ಹೆಚ್ಚುತ್ತದೆ ಎಂದು ಯಾರೂ ವಾದಿಸಲಾರರು. 1974ರಲ್ಲಿ ಗ್ರೇಂಜರ್ ಮತ್ತು ನ್ಯೂಬೋಲ್ಡ್ ಅವರು ಕಂಪ್ಯೂಟರಿನಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲದ ಸರಣಿಗಳನ್ನು ಸೃಷ್ಟಿಸಿ, ಅವುಗಳ ರಿಗ್ರೆಷನ್‌ನಲ್ಲಿ ಮತ್ತೆ ಮತ್ತೆ ‘ಮಹತ್ವದ’ ಸಂಬಂಧ ಕಾಣಿಸಿಕೊಳ್ಳುವುದನ್ನು ತೋರಿಸಿದರು.

ನೀವು ಮಾಡಬೇಕಾದದ್ದು ಇಷ್ಟು. ಪ್ರತಿ ವರ್ಷದ ಮಟ್ಟದ ಬದಲು ಹಿಂದಿನ ವರ್ಷಕ್ಕಿಂತ ಆದ ಶೇಕಡಾವಾರು ಬದಲಾವಣೆಯನ್ನು ಎರಡೂ ಸರಣಿಗಳಿಗೆ ಲೆಕ್ಕ ಹಾಕಿ, ಅವುಗಳ ನಡುವೆ ಸಹಸಂಬಂಧ ತೆಗೆಯಿರಿ. 0.98 ಅಲ್ಲಿಯೂ ಉಳಿಯುವುದು ಅಪರೂಪ. ಎರಡೂ ಉತ್ತರಗಳನ್ನು ಪಕ್ಕಪಕ್ಕ ತೋರಿಸಿದರೆ ಸೆಮಿನಾರಿಗೆ ಅದೇ ಒಳ್ಳೆಯ ವಿಷಯವಾಗುತ್ತದೆ.

ಪ್ರಶ್ನೆ: ಪ್ರಾಜೆಕ್ಟಿಗೆ ಯಾವ ಸಾಫ್ಟ್‌ವೇರ್ ಕಲಿಯಬೇಕು? ಮಾಹಿತಿ ಎಲ್ಲಿ ಸಿಗುತ್ತದೆ? ನಮ್ಮ ಕಾಲೇಜಿನಲ್ಲಿ ಎಕ್ಸೆಲ್ ಬಿಟ್ಟರೆ ಬೇರೇನೂ ಇಲ್ಲ.
(ಇಬ್ಬರು ವಿದ್ಯಾರ್ಥಿಗಳು, ರಾಯಚೂರು)

ಉತ್ತರ: ಎಕ್ಸೆಲ್‌ನಿಂದಲೇ ಶುರುಮಾಡಿ, ಪದವಿ ಹಂತಕ್ಕೆ ಅದು ಸಾಲುತ್ತದೆ. ಮುಂದೆ ಆರ್ (R) ಎಂಬ ಸಾಫ್ಟ್‌ವೇರ್ ಕಲಿಯಿರಿ. ಅದು ಉಚಿತ, ಸಾಧಾರಣ ಲ್ಯಾಪ್‌ಟಾಪಿನಲ್ಲಿಯೂ ನಡೆಯುತ್ತದೆ. ಯಾವುದನ್ನೇ ಬಳಸಿದರೂ ರಿಗ್ರೆಷನ್‌ನ ಗುಂಡಿ ಒತ್ತುವ ಮೊದಲು ಬಿಂದುಗಳ ನಕ್ಷೆ ಬಿಡಿಸಿ ನೋಡುವುದನ್ನು ರೂಢಿಸಿಕೊಳ್ಳಿ. ಆನ್ಸ್‌ಕೂಂಬ್ ಎಂಬವರು 1973ರಲ್ಲಿ ಹನ್ನೊಂದು ಹನ್ನೊಂದು ಬಿಂದುಗಳ ನಾಲ್ಕು ಕೋಷ್ಟಕಗಳನ್ನು ಪ್ರಕಟಿಸಿದರು. ನಾಲ್ಕರಲ್ಲಿಯೂ ಸರಾಸರಿಗಳು 9 ಮತ್ತು 7.5, ಸಹಸಂಬಂಧ 0.816, ರಿಗ್ರೆಷನ್ ರೇಖೆಯ ಛೇದ 3, ಇಳಿಜಾರು 0.5. ನಕ್ಷೆ ಬಿಡಿಸಿದರೆ ಮಾತ್ರ ಒಂದು ಸಾಧಾರಣ ಚದುರಿಕೆ, ಇನ್ನೊಂದು ಬಾಗಿದ ರೇಖೆ, ಮೂರನೆಯದರಲ್ಲಿ ಸರಳರೇಖೆಯಿಂದ ಸಿಡಿದು ನಿಂತ ಒಂದು ಬಿಂದು, ನಾಲ್ಕನೆಯದರಲ್ಲಿ ಒಂದೇ ಬಿಂದುವಿನ ಬಲದ ಮೇಲೆ ನಿಂತಿರುವ ಇಡೀ ರೇಖೆ. ಆ ನಾಲ್ಕು ಕೋಷ್ಟಕಗಳು ಆರ್‌ನೊಳಗೆ ಅಡಕವಾಗಿಯೇ ಬರುತ್ತವೆ. ನಿಮ್ಮ ಮೊದಲ ಅಭ್ಯಾಸ ಅವುಗಳ ಮೇಲೆ ಆಗಲಿ.

ಮಾಹಿತಿಗೆ ಪರದಾಡಬೇಕಾಗಿಲ್ಲ. ರಾಜ್ಯದ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯದ ಪ್ರಕಟಣೆಗಳಲ್ಲಿ ಜಿಲ್ಲಾವಾರು ಅಂಕಿಗಳಿವೆ. ಕೇಂದ್ರದ ಸಾಂಖ್ಯಿಕ ಸಚಿವಾಲಯವು ಬಳಕೆ ವೆಚ್ಚದ ಸಮೀಕ್ಷೆ ಮತ್ತು 2017-18ರಿಂದ ನಡೆಯುತ್ತಿರುವ ಕಾರ್ಮಿಕ ಬಲದ ಸಮೀಕ್ಷೆಯ ಮನೆಮನೆಯ ಮಾಹಿತಿಯನ್ನು, ಹೆಸರು ವಿಳಾಸಗಳನ್ನು ತೆಗೆದು, ಜಾಲತಾಣದಲ್ಲಿ ಉಚಿತವಾಗಿ ಕೊಡುತ್ತದೆ. ಅದನ್ನು ಇಳಿಸಿಕೊಂಡಾಗ ಮಲ್ಟಿಪ್ಲಯರ್ ಎಂಬ ಕಾಲಂ ಇರುತ್ತದೆ. ಮಾದರಿಯ ಆ ಒಂದು ಮನೆ ದೇಶದ ಎಷ್ಟು ಮನೆಗಳ ಪರವಾಗಿ ನಿಂತಿದೆ ಎಂಬುದನ್ನು ಅದು ಹೇಳುತ್ತದೆ, ಮತ್ತು ಸ್ತರಗಳಿಂದ ಬೇರೆ ಬೇರೆ ಪ್ರಮಾಣದಲ್ಲಿ ಮನೆಗಳನ್ನು ಆರಿಸಿರುವುದರಿಂದ ಈ ಸಂಖ್ಯೆ ಮನೆಯಿಂದ ಮನೆಗೆ ಬದಲಾಗುತ್ತದೆ. ಅದನ್ನು ಬಿಟ್ಟು ನೇರವಾಗಿ ಸರಾಸರಿ ತೆಗೆದವರ ಉತ್ತರ ತಪ್ಪಾಗುತ್ತದೆ. ಮೊದಲ ದಿನವೇ ಹೊಸ ಪ್ರಶ್ನೆಗೆ ಕೈಹಾಕದೆ, ಸಚಿವಾಲಯ ಪ್ರಕಟಿಸಿರುವ ಒಂದು ಅಂಕಿಯನ್ನು, ಉದಾಹರಣೆಗೆ ಗ್ರಾಮೀಣ ಕರ್ನಾಟಕದ ತಲಾ ವೆಚ್ಚವನ್ನು, ಮೂಲ ಮಾಹಿತಿಯಿಂದ ನೀವೇ ಲೆಕ್ಕ ಹಾಕಿ ತಾಳೆ ನೋಡಿ. ತಾಳೆಯಾಗದಿದ್ದರೆ ಮೊದಲು ಮಲ್ಟಿಪ್ಲಯರನ್ನು ಸರಿಯಾಗಿ ಹಾಕಿದ್ದೀರಾ ಎಂದು ನೋಡಿ, ಆಮೇಲೆ ಮನೆಯ ವೆಚ್ಚವನ್ನು ಸದಸ್ಯರ ಸಂಖ್ಯೆಯಿಂದ ಭಾಗಿಸಿ ತಲಾ ಲೆಕ್ಕಕ್ಕೆ ತಂದು, ಸರಾಸರಿ ತೆಗೆಯುವಾಗ ಮಲ್ಟಿಪ್ಲಯರನ್ನು ಸದಸ್ಯರ ಸಂಖ್ಯೆಯಿಂದ ಗುಣಿಸಿದ್ದೀರಾ ಎಂದು ನೋಡಿ. ತಪ್ಪು ಸಾಮಾನ್ಯವಾಗಿ ಈ ಎರಡರಲ್ಲಿ ಒಂದು ಕಡೆ ಸಿಗುತ್ತದೆ.